ಹೊಸ ಚೈನ್ ಸಾಗೆ ಡ್ರಿಲ್ ಹಚ್ಚೋಕಿಂತ ಮೊದಲ ಇದನ್ನ ಓದ್ರಿ

1/8

ಡಿಎಂ ತೆಗೆದ್ರ ಒಂದೇ ಪ್ರಶ್ನೆ. "ಅಣ್ಣಾ, ಹೊಸ ಚೈನ್ ಸಾ ತಗೊಂಡೀನಿ. ಪವರ್ ಹೆಚ್ಚಿಗಿ ಆಗ್ಲಾಕ ಏನ್ ಮಾಡ್ಲಿ?" ಸೇಡಂ ಕಡಿಯಿಂದ ಒಬ್ಬ, ಚಿಂಚೋಳಿ ಕಡಿಯಿಂದ ಇಬ್ಬರು, ಇನ್ನ ನಮ್ಮ ಕ್ಲಾಸಿನವರಂತೂ ಎದುರಿಗೇ ಕೇಳ್ತಾರ.

ಒಬ್ಬೊಬ್ಬರಿಗೆ ಬರೆದು ಸಾಕಾಗಿ ಇಲ್ಲೇ ಎಂಟು ಪೋಸ್ಟ್ ಹಾಕ್ಲತ್ತೀನಿ. ಉತ್ತರ ಮೊದಲೇ ಹೇಳಿಬಿಡ್ತೀನಿ: ಈಗ ಏನೂ ಮಾಡಬ್ಯಾಡ್ರಿ.

ಸಿಟ್ಟು ಬಂತಾ? ಬರಲಿ. ನೀವು ನೋಡೋ ರೀಲ್ಸ್‌ದಾಗ ಬಾಕ್ಸ್ ಒಡೆಯೋದು, ಮಫ್ಲರ್ ಬಿಚ್ಚೋದು, ಡ್ರಿಲ್ ಹಚ್ಚೋದು, ಎಲ್ಲಾ 30 ಸೆಕೆಂಡಿನಾಗ ಮುಗೀತದ. ಕೊನೆಗೆ ಮಷೀನ್ ಮ್ಯಾಲ ಎತ್ತಿ "ಭರ್ರ್" ಅಂತ ಒಂದು ಆವಾಜ್. ಲೈಕ್ ಬಿತ್ತು. ಮೂರು ತಿಂಗಳ ಮ್ಯಾಲ ಅದೇ ಮಷೀನಿನ ಪಿಸ್ಟನ್ ಹೆಂಗದ ಅಂತ ಯಾರೂ ರೀಲ್ ಹಾಕಲ್ಲ.

ಬುಲೆಟ್‌ಗೆ ಸೈಲೆನ್ಸರ್ ಬದಲಿ ಮಾಡಿ ಊರೆಲ್ಲಾ ಎಬ್ಬಿಸೋ ಚಟ ಇತ್ತಲ್ಲ, ಅದೇ ಚಟ ಈಗ ಕಟ್ಟಿಗಿ ಕೊಯ್ಯೋ ಮಷೀನಿಗೆ ಬಂದದ. ಫರಕ್ ಇಷ್ಟೇ: ಬುಲೆಟ್ ಶೋಕಿಗೆ ಇರ್ತದ, ಚೈನ್ ಸಾ ಹೊಟ್ಟಿಗೆ ಇರ್ತದ. ಹೊಲದ ಒಡ್ಡಿನ ಮ್ಯಾಲಿನ ಬಳ್ಳಾರಿ ಜಾಲಿ ತೆಗೀಲಾಕ, ಕಾಗಿಣಾ ದಂಡಿಯ ಕಂಟಿ ಕಡೀಲಾಕ, ಬಾಡಿಗಿಗೆ ಹೋಗ್ಲಾಕ ಅಂತ ತಗೊಂಡ ಮಷೀನ್ ಅದು. ಕೆಲವರ ಮನಿಯಾಗ ಅವ್ವ ಸಂಘದಾಗ ಸಾಲ ಎತ್ತಿ ಕೊಡಿಸಿರ್ತಾಳ. ಸಾಲದ ಕಂತು ವಾರ ವಾರ ಬರ್ತದ, ಮಷೀನ್ ಸೀಜ್ ಆದ್ರೂ ಬರ್ತದ.

ಅದಕ್ಕ ಈ ಸರಣಿ. ಮಾಡಿಫಿಕೇಶನ್ ಮಾಡಲೇಬಾರದು ಅಂತ ನಾ ಹೇಳ್ಲತ್ತಿಲ್ಲ. ಯಾವಾಗ ಅನ್ನೋದೇ ಮಾತು.

2/8

ಈ ಫೋಟೋದಾಗ ಇರೋದು ಮಷೀನ್ ಜೊತಿ ಬರೋ ಪುಸ್ತಕ. ಬಾಕ್ಸಿನ ಜೊತಿಗೇ ಗುಜರಿಗೆ ಹೋಗೋ ಪುಸ್ತಕ.

ಸ್ಟಿಲ್ ಕಂಪನಿಯ ಮ್ಯಾನುಯಲ್‌ದಾಗ ಎರಡು ಮಾತು ಸಾಫ್ ಬರೆದಾರ. ಒಂದು, ಹೊಸ ಮಷೀನನ್ನ ಮೊದಲ ಮೂರು ಟ್ಯಾಂಕ್ ಮುಗಿಯೋ ತನಕ ಖಾಲಿ ಇಟ್ಟು ಫುಲ್ ಥ್ರಾಟಲ್ ಕೊಡಬಾರದು. ಎರಡು, ಇಂಜಿನ್ ತನ್ನ ಪೂರ್ತಿ ಪವರಿಗೆ ಬರೋದೇ ಸುಮಾರು 5ರಿಂದ 15 ಟ್ಯಾಂಕ್ ಸುಟ್ಟ ಮ್ಯಾಲ.

ಇದರ ಅರ್ಥ ತಿಳೀತಾ? ಮೊದಲ ದಿನ "ಪವರ್ ಕಡಿಮಿ ಅದ" ಅಂತ ನಿಮಗೆ ಅನಿಸೋದು ಸುಳ್ಳಲ್ಲ. ಖರೇನೇ ಕಡಿಮಿ ಇರ್ತದ. ಪಿಸ್ಟನ್ ರಿಂಗ್ ಸಿಲಿಂಡರ್ ಗೋಡೆಗೆ ಇನ್ನೂ ಹೊಂದಿಕೊಂಡಿರುವುದಿಲ್ಲ. ಬೇರಿಂಗ್, ಕ್ಲಚ್, ಚೈನ್, ಬಾರ್, ಎಲ್ಲಾ ಹೊಸದು, ಎಲ್ಲಾ ಬಿಗಿ. ಒಳಗಿನ ತಿಕ್ಕಾಟಕ್ಕೇ ಸ್ವಲ್ಪ ಪವರ್ ಹೋಗುತ್ತದೆ. ದುಡಿಸಿದ ಹಾಗೆ ತಾನೇ ಸಡಿಲಾಗುತ್ತದೆ, ರಿಂಗ್ ಕೂಡುತ್ತದೆ, ಕಂಪ್ರೆಶನ್ ಏರುತ್ತದೆ. ಹೊಸ ಚಪ್ಪಲಿ ಕಡೀತದ ಅಂತ ಮೊದಲ ದಿನಾನೇ ಅದರ ಬಾರು ಕೊಯ್ತೀರೇನು?

ಈಗ ಲೆಕ್ಕ ಮಾಡ್ರಿ. 30 ಸಿಸಿ ಆಸುಪಾಸಿನ ಸಣ್ಣ ಮಷೀನಿನ ಟ್ಯಾಂಕ್ ಕಾಲು ಲೀಟರ್ ಹಿಡೀತದ. 15 ಟ್ಯಾಂಕ್ ಅಂದ್ರ 3.75 ಲೀಟರ್. ನಾಲ್ಕು ಲೀಟರ್ ಪೆಟ್ರೋಲ್ ಸುಡೋ ತನಕ ತಾಳ್ಮೆ ಇಲ್ಲದೋರು ಇಂಜಿನ್ ಟ್ಯೂನಿಂಗ್ ಬಗ್ಗೆ ಮಾತಾಡಬಾರದು. ಚಿತ್ತಾಪುರದಿಂದ ಕಲಬುರಗಿಗೆ ಬೈಕ್ ಮ್ಯಾಲ ಎರಡು ಮೂರು ಸಲ ಹೋಗಿಬಂದ್ರ ಅಷ್ಟು ಪೆಟ್ರೋಲ್ ಮುಗೀತದ.

ಮತ್ತೊಂದು ಮಾತು. ಆ ರೀಲಿನಾಗ ಮಷೀನ್ ಗಾಳಿಯಾಗ ಎತ್ತಿ ಫುಲ್ ರೇಸ್ ಮಾಡ್ತಾರಲ್ಲ, ಹೊಸ ಇಂಜಿನಿಗೆ ಅದಕ್ಕಿಂತ ಕೆಟ್ಟ ಕೆಲಸ ಇಲ್ಲ. ಕಟ್ಟಿಗಿ ಒಳಗ ಲೋಡ್ ಇದ್ದಾಗ ವೇಗ ತಾನೇ ತಡೀತದ. ಗಾಳಿಯಾಗ ತಡೆಯೋದು ಏನೂ ಇಲ್ಲ, ನಿಮಿಷಕ್ಕ 12,000 ಸುತ್ತು ದಾಟಿ ಓಡ್ತದ.

3/8

ಈಗ ಮಫ್ಲರ್ ಮಾತಿಗೆ ಬರೋಣ. ಇಲ್ಲಿ ನಾ ಸುಳ್ಳು ಹೇಳಲ್ಲ: ಮಫ್ಲರ್ ಓಪನ್ ಮಾಡಿದ್ರ ಪವರ್ ಬರ್ತದ. ಕೆಲವು ಮಾಡೆಲ್‌ಗಳಲ್ಲಿ ಚೆನ್ನಾಗೇ ಬರುತ್ತದೆ. ಯಾಕಂದ್ರ ಸಪ್ಪಳದ ನಿಯಮ, ಹೊಗೆಯ ನಿಯಮ ಪಾಲಿಸ್ಲಾಕ ಕಂಪನಿಯವರು ಹೊಗೆ ಹೋಗೋ ದಾರಿ ಸಣ್ಣದು ಮಾಡಿರ್ತಾರ. ದಾರಿ ದೊಡ್ಡದು ಮಾಡಿದ್ರ ಇಂಜಿನ್ ಸಲೀಸಾಗಿ ಉಸಿರಾಡ್ತದ.

ಆದ್ರ ರೀಲ್ ಹೇಳದ ಅರ್ಧ ಕಥಿ ಇದು. ಗಾಳಿ ಹೆಚ್ಚಾದ್ರ ಅದಕ್ಕ ತಕ್ಕಂಗ ಪೆಟ್ರೋಲೂ ಹೆಚ್ಚಬೇಕು. ಹೆಚ್ಚದಿದ್ರ ಮಿಕ್ಸ್ಚರ್ ಲೀನ್ ಆಗ್ತದ, ಅಂದ್ರ ಗಾಳಿ ಜಾಸ್ತಿ, ಇಂಧನ ಕಡಿಮಿ. ಬೈಕಿನ ಫೋರ್ ಸ್ಟ್ರೋಕ್ ಇಂಜಿನ್‌ನಲ್ಲಿ ಆಯಿಲ್ ಬೇರೆ ಇರುತ್ತದೆ, ಅಲ್ಲಿ ಸ್ವಲ್ಪ ನಡೆದುಹೋಗುತ್ತದೆ. ಇದು ಟೂ ಸ್ಟ್ರೋಕ್. ಇಲ್ಲಿ ಆಯಿಲ್ ಬರೋದೇ ಪೆಟ್ರೋಲ್ ಜೊತಿ. ಪೆಟ್ರೋಲ್ ಕಡಿಮಿ ಆದ್ರ ಆಯಿಲ್ ಕಡಿಮಿ, ಒಳಗಿನ ತಂಪೂ ಕಡಿಮಿ. ಪಿಸ್ಟನ್ ಕಾಯ್ದು ಹಿಗ್ಗಿ ಸಿಲಿಂಡರಿಗೆ ತಿಕ್ಕುತ್ತದೆ. ಹೊಗೆ ಹೋಗೋ ಕಡೆಯಿಂದಲೇ ಗೆರೆ ಬೀಳುತ್ತವೆ. ಅದಕ್ಕೇ ಸೀಜ್ ಅನ್ನೋದು.

ಮೋಸ ಎಲ್ಲದ ಅಂದ್ರ, ಲೀನ್ ಆದ ಮಷೀನ್ ಸಾಯೋಕಿಂತ ಮೊದಲ ಭಾರಿ ಛಲೋ ಓಡ್ತದ. ಆವಾಜ್ ಚೂಪಾಗ್ತದ, ರೇಸ್ ಜಲ್ದಿ ಏರ್ತದ. ನಿಮಗ "ಅಬ್ಬಾ, ಪವರ್ ಬಂತು" ಅನಿಸ್ತದ. ಆ ಕಂಪನಿ ಮ್ಯಾನುಯಲ್ ಇದನ್ನೂ ಬರೆದದ: ಪವರ್ ಹೆಚ್ಚಿದಂಗ ಕಾಣ್ತದ ಅಂತ ಕಾರ್ಬುರೇಟರ್ ಲೀನ್ ಮಾಡಬ್ಯಾಡ್ರಿ, ಇಂಜಿನ್ ಕೆಡ್ತದ ಅಂತ. "ಕಾಣ್ತದ" ಅನ್ನೋ ಆ ಶಬ್ದ ಎರಡು ಸಲ ಓದ್ರಿ.

ಬರೋಬ್ಬರಿ ಟ್ಯೂನ್ ಆದ ಸಾ ಖಾಲಿ ಫುಲ್ ಥ್ರಾಟಲ್‌ನಾಗ ಸ್ವಲ್ಪ ತೊದಲ್ತದ, ಗೊರಗೊರ ಅಂತದ. ಕಟ್ಟಿಗಿ ಒಳಗ ಇಳಿಸಿದ ಕೂಡಲೇ ಆವಾಜ್ ಸಾಫ್ ಆಗ್ತದ. ಖಾಲಿ ಇದ್ದಾಗಲೇ ಸೊಳ್ಳಿಯಂಗ ಚೀರಿದ್ರ ಅದು ಸಂಗೀತ ಅಲ್ಲ, ಅದು ಸಾಯೋ ಸದ್ದು.

ಇದನ್ನ ಸರಿ ಮಾಡ್ಲಾಕ ಎಚ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಹೆಚ್ಚು ಕೊಡಬೇಕು. ಈಗಿನ ಬಹಳಷ್ಟು ಮಷೀನಿಗೆ ಆ ಸ್ಕ್ರೂ ಪೂರ್ತಿ ತಿರುಗದಂಗ ಕ್ಯಾಪ್ ಇರ್ತದ. ಕೆಲವಕ್ಕ ಎಚ್ ಸ್ಕ್ರೂನೇ ಇರಲ್ಲ. ಅಂಥ ಮಷೀನಿಗೆ ಮೊದಲ ದಿನ ತೂತು ಹೊಡೆದೋನಿಗೆ ಎರಡನೇ ದಿನ ಮಾಡ್ಲಾಕ ಏನೂ ಉಳಿದಿರಲ್ಲ.

4/8

"ಯೂಟ್ಯೂಬ್‌ದಾಗ ಅಮೆರಿಕಾದವರು ಮಾಡ್ತಾರ, ಅವರದ್ದೇನೂ ಆಗಲ್ಲ." ಅವರು ವಾಡಿಯಾಗ ಇರಲ್ಲ, ತಮ್ಮಾ.

ಮೊದಲು ಪೆಟ್ರೋಲ್. ನಮ್ಮ ಪಂಪ್‌ಗಳಲ್ಲಿ ಈಗ ಸಿಗೋದು ಇ20, ಅಂದ್ರ 20% ಎಥನಾಲ್. ಎಥನಾಲ್ ಒಳಗೇ ಆಕ್ಸಿಜನ್ ಇರುತ್ತದೆ. ಹೀಗಾಗಿ ಸ್ಕ್ರೂ ಅಲ್ಲೇ ಇದ್ದರೂ ಮಿಕ್ಸ್ಚರ್ ತಾನೇ ಸ್ವಲ್ಪ ಲೀನ್ ಆಗುತ್ತದೆ. ಕೈಯಿಂದ ಸೆಟ್ ಮಾಡೋ ಕಾರ್ಬುರೇಟರ್ ಇರೋ ಮಷೀನಿಗೆ 10%ಕ್ಕಿಂತ ಹೆಚ್ಚು ಎಥನಾಲ್ ಬ್ಯಾಡ ಅಂತ ಸ್ಟಿಲ್ ಮ್ಯಾನುಯಲ್ ಹೇಳ್ತದ. ಅಂದ್ರ ನೀವು ಡ್ರಿಲ್ ಮುಟ್ಟೋಕಿಂತ ಮೊದಲೇ ನಮ್ಮ ಕಡಿ ಮಷೀನ್ ಲೀನ್ ಕಡಿಗೆ ವಾಲಿಕೊಂಡು ನಿಂತದ. ಅದರ ಮ್ಯಾಲ ಎರಡು ತೂತು! ಮೊದಲು ಡೀಲರ್ ಕಡಿ ಹೋಗಿ ಈ ಪೆಟ್ರೋಲಿಗೆ ಸೆಟ್ಟಿಂಗ್ ಬರೋಬ್ಬರಿ ಅದ ಇಲ್ಲ ಕೇಳ್ರಿ. ಮಿಕ್ಸ್ ಮಾಡಿದ ಪೆಟ್ರೋಲ್ ತಿಂಗಳಗಟ್ಟಲೆ ಇಡಬ್ಯಾಡ್ರಿ, ಎಥನಾಲ್ ನೀರು ಎಳೀತದ. ಕೆಲಸ ಇಲ್ಲದಾಗ ಟ್ಯಾಂಕ್ ಖಾಲಿ ಮಾಡಿ ಇಡ್ರಿ.

ಎರಡನೇದು ಧೂಳು. ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಫ್ಯಾಕ್ಟರಿಗಳು, ಶಹಾಬಾದ್ ಸುತ್ತಿನ ಪರ್ಸಿ ಗಣಿಗಳು, ಅದಕ್ಕ ಸುಣ್ಣದ ಕಲ್ಲು ಹೊತ್ತ ಲಾರಿಗಳು. ಗಿಡದ ಎಲಿ ಮ್ಯಾಲ ಕೈ ಎಳೆದ್ರ ಬೆರಳು ಬೂದಿ ಬಣ್ಣ ಆಗ್ತದ. ಆ ಗಿಡ ಕೊಯ್ಲಾಕ ನೀವು ಏರ್ ಫಿಲ್ಟರ್ ತೆಗೆದು "ಫ್ರೀ ಫ್ಲೋ" ಮಾಡ್ತೀರಿ! ಶಹಾಬಾದ್‌ದಾಗ ಪರ್ಸಿ ಪಾಲಿಶ್ ಹೆಂಗ ಮಾಡ್ತಾರ ಅಂತ ನಿಮಗ ಗೊತ್ತದ: ನೀರು ಬಿಡ್ತಾರ, ತಿಕ್ಕೋ ಕಲ್ಲು ತಿರುಗಿಸ್ತಾರ, ಪರ್ಸಿ ಸವೀತದ. ಫಿಲ್ಟರ್ ಇಲ್ಲದ ಸಿಲಿಂಡರ್ ಒಳಗ ನಡೆಯೋದೂ ಅದೇ. ನೀರಿನ ಬದಲಿ ಆಯಿಲ್, ಪರ್ಸಿ ಬದಲಿ ನಿಮ್ಮ ಪಿಸ್ಟನ್.

ಮೂರನೇದು ಬಿಸಿಲು. ಏಪ್ರಿಲ್, ಮೇದಾಗ ನಮ್ಮಲ್ಲಿ 40 ಡಿಗ್ರಿ ದಾಟ್ತದ. ಈ ಇಂಜಿನ್ ತಂಪಾಗೋದು ಗಾಳಿಯಿಂದ ಮಾತ್ರ. ಸಿಲಿಂಡರ್ ಫಿನ್ ನಡುವ ಧೂಳು, ಪುಡಿ ಕೂತ್ರ ಆ ಗಾಳಿನೂ ಇಲ್ಲ.

ಇನ್ನ ಮಫ್ಲರ್ ಒಳಗಿನ ಸ್ಪಾರ್ಕ್ ಜಾಳಿಗಿ. ಕೆಲವು ಮಾಡೆಲ್‌ಗೆ ಇರ್ತದ, "ಪವರ್ ತಡೀತದ" ಅಂತ ಅದನ್ನೂ ಕಿತ್ತು ಒಗೀತಾರ. ಚಿಂಚೋಳಿ ಕಡಿಯೋರು ಇದನ್ನ ಗಮನ ಇಟ್ಟು ಓದ್ರಿ. ಬ್ಯಾಸಗಿಯಾಗ ಆ ಕಾಡಂಚಿನ ಹುಲ್ಲು ಹೆಂಗ ಒಣಗಿರ್ತದ ಅಂತ ನನಗಿಂತ ನಿಮಗೇ ಹೆಚ್ಚು ಗೊತ್ತು. ಒಂದು ಕಿಡಿ ಸಾಕು.

5/8

ಹಂಗಾದ್ರ ಪವರ್ ಎಲ್ಲಿ ಹೋಗ್ಲತ್ತದ? ಈ ಪೋಸ್ಟಿನಾಗ ಎರಡು ಫೋಟೋ ಅವ. ಎರಡೂ ಕೊಯ್ದಾಗ ಉದುರಿದ್ದು. ಮೊದಲನೇದು ಹಿಟ್ಟಿನಂಗ ಪುಡಿ. ಎರಡನೇದು ದಪ್ಪನ ಚಕ್ಕಿ. ಮಷೀನ್ ಒಂದೇ, ಜಾಲಿ ಬೊಡ್ಡಿ ಒಂದೇ. ನಡುವ ಆಗಿದ್ದು ಹತ್ತು ನಿಮಿಷದ ಅರ ಹಚ್ಚೋ ಕೆಲಸ.

ಪುಡಿ ಬರ್ಲತ್ತದ ಅಂದ್ರ ಚೈನ್ ಮೊಂಡಾಗ್ಯದ. ಮೊಂಡ ಚೈನ್ ಕೊಯ್ಯಲ್ಲ, ತಿಕ್ತದ. ಆಗ ನೀವು ಮ್ಯಾಲಿಂದ ಒತ್ತತೀರಿ. ಒತ್ತಿದ್ರ ಕ್ಲಚ್ ಜಾರ್ತದ, ಬಾರ್ ಕಾಯ್ತದ, ಇಂಜಿನ್ ಕಾಯ್ತದ, ರಟ್ಟಿ ನೋಯ್ತದ. ಆಮ್ಯಾಲ "ಈ ಮಷೀನಿಗೆ ದಮ್ ಇಲ್ಲ" ಅಂತ ಮಫ್ಲರ್ ಬಿಚ್ಚತೀರಿ. ಕುಡುಗೋಲು ಮೊಂಡಾದ್ರ ರಾಶಿ ಮಾಡೋನಿಗೆ ಹಾಲು ತುಪ್ಪ ತಿನ್ನಿಸ್ತಾರೇನ್ರಿ? ಕುಡುಗೋಲು ಮಸೀತಾರ.

ಬಳ್ಳಾರಿ ಜಾಲಿ ಮೊದಲೇ ಗಟ್ಟಿ ಕಟ್ಟಿಗಿ, ಅದಕ್ಕೇ ಇದ್ದಲಿಗೆ ಛಲೋ ಬೆಲಿ. ಒಡ್ಡಿನ ಮ್ಯಾಲಿನ ಗಿಡದ ಬುಡಕ್ಕ ಮಣ್ಣು ಮೆತ್ತಿರ್ತದ, ತೊಗಟಿ ಸಂದಿಯಾಗ ಉಸುಕು ಕೂತಿರ್ತದ. ಓಡೋ ಚೈನ್ ಒಂದು ಸೆಕೆಂಡ್ ನೆಲಕ್ಕ ತಾಗಿದ್ರ ಸಾಕು, ಹಲ್ಲಿನ ಮೂಲಿ ಹೋಯ್ತು. ಅದಕ್ಕ ಬುಡ ಮೊದಲು ಕೊಡಲಿಯಿಂದ ಸವರಿ ಮಣ್ಣು ತೆಗೀರಿ, ಆಮ್ಯಾಲ ಮಷೀನ್ ಇಡ್ರಿ.

ರೌಂಡ್ ಫೈಲ್, ಅಂದ್ರ ದುಂಡನ ಅರ, ನಿಮ್ಮ ಚೈನಿಗೆ ಸರಿ ಅಳತಿದು ಇರಬೇಕು. ಸಣ್ಣ ಮಷೀನಿನ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ., .325 ಪಿಚ್ ಚೈನಿಗೆ 4.8 ಮಿ.ಮೀ., ದೊಡ್ಡ 3/8 ಚೈನಿಗೆ 5.2 ಮಿ.ಮೀ. ಕೋನ ಸಾಮಾನ್ಯವಾಗಿ 30 ಡಿಗ್ರಿ. ಹಲ್ಲಿನ ಮ್ಯಾಲೇ ಆ ಗೆರಿ ಹಾಕಿರ್ತಾರ ನೋಡ್ರಿ. ಅರ ಒಂದೇ ದಿಕ್ಕಿಗೆ, ಒಳಗಿಂದ ಹೊರಗ. ಹಿಂದ ಮುಂದ ಗರಗಸದಂಗ ಎಳೀಬ್ಯಾಡ್ರಿ. ಎಲ್ಲಾ ಹಲ್ಲಿಗೂ ಅಷ್ಟಷ್ಟೇ ಎಳತ. ಎಡಗಡಿ ಹಲ್ಲು ಉದ್ದ, ಬಲಗಡಿ ಗಿಡ್ಡ ಆದ್ರ ಕೊಯ್ತ ಸೊಟ್ಟ ಹೋಗ್ತದ.

ಟ್ಯಾಂಕ್ ತುಂಬಿದಾಗೆಲ್ಲಾ ಎರಡು ಎಳತ ಎಳೀರಿ. ಅಂಗಡಿಯಾಗ ಸಿಗೋ ಎಲ್ಲಾ "ಪರ್ಫಾರ್ಮನ್ಸ್ ಪಾರ್ಟ್" ಒಳಗ ಸೋವಿದು, ಗ್ಯಾರಂಟಿ ಕೆಲಸ ಮಾಡೋದು ಅಂದ್ರ ಈ ಅರ. ಆದ್ರ ಇದಕ್ಕ ಆವಾಜ್ ಇಲ್ಲ, ಅದಕ್ಕ ರೀಲ್ ಆಗಲ್ಲ.

6/8

ಅರ ಆದ ಮ್ಯಾಲ ಇನ್ನೂ ಮೂರು ಕಡಿ ಪವರ್ ಸಿಗ್ತದ. ಒಂದಕ್ಕೂ ವಾರಂಟಿ ಹೋಗಲ್ಲ.

ಬಾರ್: 30 ಸಿಸಿ ಮಷೀನಿಗೆ 18 ಇಂಚ್ ಬಾರ್ ಹಾಕ್ಕೊಂಡು "ಎಳೀವಲ್ದು" ಅಂತೀರಿ. ಉದ್ದ ಬಾರ್ ಅಂದ್ರ ಹೆಚ್ಚು ಹಲ್ಲು, ಹೆಚ್ಚು ತಿಕ್ಕಾಟ, ಹೆಚ್ಚು ಆಯಿಲ್. ಒಡ್ಡಿನ ಜಾಲಿಗೆ 12 ಇಲ್ಲ 14 ಇಂಚ್ ಬೇಕಾದಷ್ಟಾತು. ಬಾರ್ ಗಿಡ್ಡ ಮಾಡಿದ ದಿನ ಮಷೀನ್ ಬದಲಿ ಮಾಡಿದಂಗ ಅನಿಸ್ತದ. ಆನ್‌ಲೈನ್‌ದಾಗ 58 ಸಿಸಿ, 22 ಇಂಚ್ ಅಂತ ಬರೋ ಮಷೀನಿನ ಇಂಚು ನೋಡಿ ಮರುಳಾಗಬ್ಯಾಡ್ರಿ. ನಮ್ಮ ಹೊಲದಾಗ 22 ಇಂಚ್ ದಪ್ಪನ ಗಿಡ ಎಷ್ಟವ, ಎಣಿಸ್ರಿ.

ಆಯಿಲ್ ಲೆಕ್ಕ: 50:1 ಅಂದ್ರ ಲೀಟರಿಗೆ 20 ಮಿ.ಲೀ., 25:1 ಅಂದ್ರ 40 ಮಿ.ಲೀ. ನಿಮ್ಮ ಮಷೀನಿನ ಪುಸ್ತಕ ಯಾವುದು ಹೇಳ್ತದೋ ಅದೇ. ಅಂದಾಜಿನ ಮ್ಯಾಲ ಸುರಿಯೋದು ಟ್ಯೂನಿಂಗ್ ಅಲ್ಲ, ಜೂಜು. ಬಾರಿಗೆ ಗ್ಯಾರೇಜಿನ ಸುಟ್ಟ ಆಯಿಲ್ ಹಾಕಬ್ಯಾಡ್ರಿ. ಅದರಾಗ ಕಬ್ಬಿಣದ ಪುಡಿ ಇರ್ತದ, ಆಯಿಲ್ ಪಂಪ್ ತಿಂತದ. ಪೆಟ್ರೋಲ್ ತುಂಬಿದಾಗೆಲ್ಲಾ ಚೈನ್ ಆಯಿಲ್ ಟ್ಯಾಂಕೂ ತುಂಬ್ರಿ.

ರೇಕರ್: ಪ್ರತಿ ಹಲ್ಲಿನ ಮುಂದ ಒಂದು ಗಿಡ್ಡ ಗುಬ್ಬಿ ಇರ್ತದ. ಒಂದು ಸಲಕ್ಕ ಹಲ್ಲು ಎಷ್ಟು ಕಟ್ಟಿಗಿ ಕಚ್ಚಬೇಕು ಅನ್ನೋದನ್ನ ಅದು ಹೇಳ್ತದ. ಹಲ್ಲಿನ ತುದಿಗಿಂತ ಸುಮಾರು 0.65 ಮಿ.ಮೀ. ಕೆಳಗ ಇರಬೇಕು. ಹಲ್ಲು ಮಸೆದು ಮಸೆದು ಗಿಡ್ಡಾದಂಗ ಅದನ್ನೂ ಚಪ್ಪಟಿ ಅರದಿಂದ ಇಳಿಸಬೇಕು, ಗೇಜ್ ಇಟ್ಟು. ಇದು ಬಹಳ ಮಂದಿ ಮಾಡಲ್ಲ.

ಆದ್ರ ಇಲ್ಲೇ ರೀಲಿನ ಇನ್ನೊಂದು "ಸೀಕ್ರೆಟ್" ಅದ: ರೇಕರ್ ಪೂರ್ತಿ ಸವರಿಬಿಡು, ಮಷೀನ್ ಹುಲಿಯಂಗ ಕಚ್ತದ. ಹೌದು, ಕಚ್ತದ, ನಿಮ್ಮನ್ನೂ. ರೇಕರ್ ಹೆಚ್ಚು ಇಳಿದ ಚೈನ್ ಬಾರಿನ ತುದಿಯಾಗ ಸಿಕ್ಕಿಬಿದ್ರ ಮಷೀನ್ ಕಣ್ಣು ಮಿಟುಕಿಸೋದ್ರಾಗ ಮುಖದ ಕಡಿ ಒದೀತದ. ಕಿಕ್‌ಬ್ಯಾಕ್ ಅಂದ್ರ ಅದೇ. ಲುಂಗಿ, ಚಪ್ಪಲಿ ಮ್ಯಾಲ ನಿಂತು ಕೊಯ್ಯೋ ನಮ್ಮ ಮಂದಿಗೆ ಆಗ ಅಡ್ಡ ಬರೋದು ಚೈನ್ ಬ್ರೇಕ್ ಒಂದೇ. ಅದು ಕೆಲಸ ಮಾಡ್ತದೋ ಇಲ್ಲೋ ನೋಡದೇ ಪವರ್ ಹೆಚ್ಚಿಸಲಾಕ ಹೊಂಟೀರಿ.

7/8

ಈಗ ನಿಮ್ಮ ವಾದಗಳು. ಕಮೆಂಟ್‌ನಾಗ ಬರೋಕಿಂತ ಮೊದಲೇ ನಾನೇ ಬರೀತೀನಿ.

"ಹೆಂಗೂ ಮಾಡೋದೇ ಅದ, ಮೊದಲೇ ಮಾಡಿದ್ರ ಏನು?" ಮೊದಲೇ ಮಾಡಿದ್ರ ಮಷೀನ್ ಮೂಲದಾಗ ಹೆಂಗ ಇತ್ತು ಅಂತ ನಿಮಗ ಗೊತ್ತೇ ಇರಲ್ಲ. ನಾಳೆ ಕೆಟ್ಟಾಗ ಅದು ಕಂಪನಿ ತಪ್ಪಾ, ಪೆಟ್ರೋಲ್ ತಪ್ಪಾ, ನಿಮ್ಮ ಡ್ರಿಲ್ ತಪ್ಪಾ? ಹೊಸ ಮಷೀನಿನಾಗ ಫ್ಯಾಕ್ಟರಿಯ ಲೋಪ ಏನಾದ್ರೂ ಇದ್ರ ಮೊದಲ ಕೆಲವು ಟ್ಯಾಂಕಿನಾಗೇ ಹೊರಗ ಬೀಳೋದು ಹೆಚ್ಚು. ಆವಾಗ ವಾರಂಟಿ ಕಾಗದ ಕೈಯಾಗ ಇರಬೇಕು. ತೂತು ಬಿದ್ದ ಮಫ್ಲರ್ ನೋಡಿದ ಡೀಲರ್ ಕಾಗದ ಮುಟ್ಟೋದೂ ಇಲ್ಲ.

"ಗ್ಯಾರೇಜ್ ಅಣ್ಣ ಮಾಡಿಕೊಡ್ತೀನಿ ಅಂದಾನ." ಅಣ್ಣನ ಕೈ ಬಗ್ಗೆ ನನಗ ಗೌರವ ಅದ. ಬೈಕ್ ಇಂಜಿನ್ ಕಣ್ಣು ಮುಚ್ಚಿ ಬಿಚ್ಚತಾನ. ಆದ್ರ ಒಂದೇ ಪ್ರಶ್ನೆ ಕೇಳ್ರಿ: "ಅಣ್ಣಾ, ಟ್ಯಾಕೋಮೀಟರ್ ಅದ ಏನು?" ನಿಮಿಷಕ್ಕ 12,000 ಮ್ಯಾಲ ಓಡೋ ಇಂಜಿನ್ 13,500 ಓಡ್ಲತ್ತದೋ 14,500 ಓಡ್ಲತ್ತದೋ ಕಿವಿಯಿಂದ ಹೇಳ್ಲಾಕ ವರ್ಷಾನುಗಟ್ಟಲೆ ಸಾ ಹಿಡಿದ ಕಿವಿ ಬೇಕು.

"ಆವಾಜ್ ಮಸ್ತ್ ಬರ್ತದ." ಇದೊಂದೇ ನೀವು ಹೇಳೋ ಖರೇ ಕಾರಣ ಅಂತ ನನಗ ಗೊತ್ತು. ಕೇಳ್ರಿ. ಏನೂ ಮಾಡದ ಮಷೀನೇ ಕೊಯ್ಯೋನ ಕಿವಿ ಹತ್ರ ಸುಮಾರು 100 ಡೆಸಿಬೆಲ್ ಸಪ್ಪಳ ಮಾಡ್ತದ. ಕೆಲಸದ ಜಾಗದ ಸಪ್ಪಳಕ್ಕ ಅಮೆರಿಕಾದ ನಿಯೋಶ್ ಸಂಸ್ಥೆ ಹೇಳೋ ಮಿತಿ 85 ಡೆಸಿಬೆಲ್ ಇದ್ರ ದಿನಕ್ಕ 8 ತಾಸು, 100 ಇದ್ರ 15 ನಿಮಿಷ. ಹದಿನೈದೇ ನಿಮಿಷ! ನೀವು ಬೆಳಗಿನಿಂದ ಸಂಜಿ ತನಕ ಕೊಯ್ತೀರಿ, ಕಿವಿಗೆ ಏನೂ ಹಾಕಲ್ಲ, ಮ್ಯಾಲ ಮಫ್ಲರ್ ಓಪನ್ ಮಾಡ್ತೀರಿ. ಪಿಸ್ಟನ್ ಹೋದ್ರ ಹೊಸದು ಸಿಗ್ತದ. ಕಿವಿ ಹೋದ್ರ ಅವ್ವ ಕರೆದದ್ದೂ ಕೇಳಲ್ಲ. ಇಪ್ಪತ್ತನೇ ವಯಸ್ಸಿಗೆ "ಏನಂದಿ?" ಅಂತ ಎರಡೆರಡು ಸಲ ಕೇಳೋರು ನಮ್ಮ ನಡುವನೇ ಅದಾರ, ನೋಡ್ರಿ.

"ನೀ ಹೆದರ್ತೀ." ಹೌದು, ಹೆದರ್ತೀನಿ. ಸೆಕೆಂಡಿಗೆ ಸುಮಾರು 20 ಮೀಟರ್ ಓಡೋ ಹಲ್ಲಿಗೆ ಹೆದರದೋರ ಜೊತಿ ನಾ ಕಟ್ಟಿಗಿ ಕೊಯ್ಯಲಾಕ ಹೋಗಲ್ಲ.

8/8

ಕೊನೇ ಪೋಸ್ಟ್. ಹಂಗಾದ್ರ ಯಾವಾಗ? ಈ ಆರಕ್ಕೂ "ಹೌದು" ಅಂದಾಗ.

1. 15 ಟ್ಯಾಂಕ್ ಪೂರ್ತಿ ಕಟ್ಟಿಗಿ ಒಳಗ ದುಡಿಸೀರಿ, ಗಾಳಿಯಾಗ ರೇಸ್ ಮಾಡಿ ಅಲ್ಲ.

2. ನಿಮ್ಮ ಚೈನ್ ನೀವೇ ಮಸೀತೀರಿ, ಪುಡಿ ಬದಲಿ ಚಕ್ಕಿ ಬರ್ತದ, ಬಾರ್ ಮಷೀನಿಗೆ ತಕ್ಕದ್ದದ. ಇಷ್ಟಾದ ಮ್ಯಾಲನೂ ಪವರ್ ಸಾಲವಲ್ದು ಅಂತ ಖಾತ್ರಿ ಆಗ್ಯದ.

3. ವಾರಂಟಿ ಮುಗಿದದ, ಇಲ್ಲ ಅದು ಹೋದ್ರೂ ನಡೀತದ ಅನ್ನೋಷ್ಟು ರೊಕ್ಕ ನಿಮ್ಮ ಸ್ವಂತ ಕೈಯಾಗ ಅದ.

4. ಕಾರ್ಬುರೇಟರಿಗೆ ತಿರುಗೋ ಎಚ್ ಸ್ಕ್ರೂ ಅದ, ಅಥವಾ ಮಿಕ್ಸ್ಚರ್ ತಾನೇ ಸರಿಮಾಡಿಕೊಳ್ಳೋ ಮಷೀನ್ ಅದ. ನಿಮ್ಮ ಹತ್ರ, ಇಲ್ಲ ಮಾಡಿಕೊಡೋರ ಹತ್ರ ಟ್ಯಾಕೋಮೀಟರ್ ಅದ.

5. ಮೊದಲು ಒಂದು ಹಳೇ, ಗುಜರಿ ಮಷೀನ್ ಮ್ಯಾಲ ಕೈ ಕಲಿತೀರಿ. ಅದು ಸತ್ರ ಯಾರೂ ಅಳಲ್ಲ.

6. ಆ ಮಷೀನಿನ ದುಡಿಮಿ ಮ್ಯಾಲ ಮನಿ ನಡೀವಲ್ದು.

ಆರನೇದು ಓದಿ ಸುಮ್ಮನಾದ್ರಲ್ಲ? ನನಗ ಗೊತ್ತಿತ್ತು. ಬಾಡಿಗಿಗೆ ಹೋಗೋ ಮಷೀನಿಗೆ ಬೇಕಾದ್ದು ಒಂದು ದಿನದ ಪವರ್ ಅಲ್ಲ, ನಾಳೆನೂ ಚಾಲೂ ಆಗೋ ಭರವಸೆ. ಒಂದು ಕೊಯ್ತದಾಗ ಎರಡು ಸೆಕೆಂಡ್ ಉಳಿಸಿ, ಇಡೀ ವಾರ ಡೀಲರ್ ಬಾಗಿಲಿಗೆ ಕೂತ್ರ ಯಾವ ಲೆಕ್ಕ ಅದು? ಮಾಡಿಫಿಕೇಶನ್ ಹವ್ಯಾಸ ಇದ್ದೋರ ಆಟ, ಆಡಲಿ. ದುಡಿಯೋ ಮಷೀನ್ ಮ್ಯಾಲ ಮಾತ್ರ ಬ್ಯಾಡ.

ಮತ್ತೆ, ಮಾಡಿದ್ರೂ ಇವು ಮೂರನ್ನ ಯಾವ ಕಾಲಕ್ಕೂ ಮುಟ್ಟಬ್ಯಾಡ್ರಿ: ಚೈನ್ ಬ್ರೇಕ್, ಏರ್ ಫಿಲ್ಟರ್, ಸ್ಪಾರ್ಕ್ ಜಾಳಿಗಿ. ಪವರಿಗೆ ಇಟ್ಟ ರೊಕ್ಕದಾಗ ಮೊದಲು ಒಂದು ಜೋಡಿ ಕಿವಿ ಮಫ್, ಒಂದು ಕನ್ನಡಕ, ಒಂದು ಜೋಡಿ ಬೂಟು ತಗೊಳ್ರಿ. ಉಳಿದದ್ದರಾಗ ಅರ. ಅದೂ ಉಳಿದ್ರ ಇನ್ನೊಂದು ಚೈನ್.

ಈ ವಾರ ಒಂದು ಕೆಲಸ ಮಾಡ್ರಿ. ಮಷೀನ್ ಚಾಲೂ ಮಾಡೋಕಿಂತ ಮೊದಲ ಮ್ಯಾನುಯಲ್ ಹುಡುಕ್ರಿ. ಚೈನ್ ಮಸೆದು ಒಂದು ಬೊಡ್ಡಿ ಕೊಯ್ರಿ. ಉದುರಿದ್ದರ ಫೋಟೋ ತೆಗೆದು ಟ್ಯಾಗ್ ಮಾಡ್ರಿ. ಚಕ್ಕಿ ದಪ್ಪ ಇದ್ದವರದ್ದು ನಾನೇ ಸ್ಟೋರಿಗೆ ಹಾಕ್ತೀನಿ. ಪುಡಿ ಬಂದೋರು ಡ್ರಿಲ್ ಕೆಳಗ ಇಟ್ಟು ಐದನೇ ಪೋಸ್ಟ್ ಮತ್ತೊಮ್ಮಿ ಓದ್ರಿ.

ಡ್ರಿಲ್ ಹಿಡಿದು ನಿಂತ ದೋಸ್ತ ಯಾರಾದ್ರೂ ಇದ್ರ ಇದನ್ನ ಇವತ್ತೇ ಕಳಿಸ್ರಿ. ನಾಳೆ ಕಳಿಸಿದ್ರ ತೂತು ಬಿದ್ದಿರ್ತದ.

#ಚೈನ್‌ಸಾ #ಮೊದಲು_ಅರ_ಆಮ್ಯಾಲ_ಡ್ರಿಲ್ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ #ಬಳ್ಳಾರಿಜಾಲಿ